ತೊಳೆಯದ ಜರಡಿ

ಒಂದು ಜೊತೆ ಚಪ್ಪಲಿ, ಬಲ ಮೊಣಕಾಲಿನ ನೆಮ್ಮದಿ, ಅಳಿಯನ ಜೊತೆಗಿದ್ದ ಮಾತುಕತೆ. ಈ ಕೇಸಿಗೆ ದೊಡ್ಡಮ್ಮ ಈವರೆಗೆ ಇಷ್ಟು ತೆತ್ತಾಗಿತ್ತು. ಚಪ್ಪಲಿ ಬಂದರಿನ ಟಾರಿಗೆ ಅಂಟಿಕೊಂಡು ಹೋಯಿತು. ಮೊಣಕಾಲು ಈ ಪ್ರಯೋಗಾಲಯದ ಮೆಟ್ಟಿಲು ಹತ್ತಿ ಇಳಿದು ಹೋಯಿತು. ಅಳಿಯ ಬಂದರು ಕಚೇರಿಯ ಗುಮಾಸ್ತ. ಅತ್ತೆ ತನ್ನ ಸಾಹೇಬರ ಫೈಲಿಗೆ ಕೈ ಹಾಕಿದ ದಿನದಿಂದ ಅವನು ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಇಷ್ಟಕ್ಕೆಲ್ಲ ಬದಲಾಗಿ ಬಂದದ್ದು ಗಾಜಿನ ತಟ್ಟೆಯಲ್ಲಿ ಬಿದ್ದಿದ್ದ ಒಂದು ಸತ್ತ ಪ್ರಾಣಿ. ಉಗುರಿನಷ್ಟು ಮೈ, ನಕ್ಷತ್ರದ ಹಾಗೆ ಚಾಚಿದ ದಾರದಂಥ ಐದು ಕೈ. ಅದರಲ್ಲೂ ಒಂದು ಕೈ ಮುರಿದಿತ್ತು.

“ಇದು ಆ ಬಾಟಲೀಲಿ ಇರಲೇಬಾರದು,” ಎಂದಳು ಸಂಶೋಧಕಿ. ದನಿ ತಗ್ಗಿಸಿಯೇ ಹೇಳಿದಳು. ಗೋಡೆಯಾಚೆ ಪ್ರೊಫೆಸರರ ಕೋಣೆ. ಅವರು ಊಟಕ್ಕೆಂದು ಹೊರಗೆ ಹೋಗಿದ್ದರೂ ಅವರ ಕುರ್ಚಿಗೆ ಕಿವಿ ಇದೆ ಎನ್ನುವಂತೆ ಅವಳು ನಡೆದುಕೊಳ್ಳುತ್ತಿದ್ದಳು.

“ಇರಬಾರದ್ದು ಇದ್ರೆ ತಾನೆ ನಮ್ಮಂಥವರಿಗೆ ಕೆಲಸ,” ಎಂದಳು ದೊಡ್ಡಮ್ಮ. “ಯಾಕೆ ಇರಬಾರದು, ಬಿಡಿಸಿ ಹೇಳು.”

ಸಮುದ್ರದ ತಳದಲ್ಲಿ ಬದುಕುವ ಜೀವಿಗಳ ಲೆಕ್ಕ ಹಿಡಿಯಲು ಹೋದ ವಾರ ಒಂದೇ ದೋಣಿಯಲ್ಲಿ ಹೋದವರು ನಾಲ್ವರು. ತಿರುಗಿ ಬಂದವರು ಮೂವರು. ಪ್ರೊಫೆಸರ್ ಬಂದರು, ಕಪ್ತಾನ ಬಂದ, ಈ ಸಂಶೋಧಕಿ ಬಂದಳು. ಬಾರದವನು ದೋಣಿಯ ಆಳು. ತಳದಿಂದ ಎತ್ತಿದ ಮಣ್ಣನ್ನು ಜರಡಿಗೆ ಸುರಿದು, ನೀರು ಹಾಯಿಸಿ, ಮೇಲೆ ಉಳಿದ ಹುಳು ಚಿಪ್ಪುಗಳನ್ನು ಬಾಟಲಿಗೆ ತುಂಬುವುದು ಅವನ ಕೆಲಸ. ಆ ಕೆಲಸವನ್ನು ಅವನು ಎಷ್ಟು ಹಚ್ಚಿಕೊಂಡಿದ್ದನೆಂದರೆ ಬಂದರಿನಲ್ಲಿ ಎಲ್ಲರೂ ಅವನನ್ನು ಜರಡಿ ಎಂದೇ ಕರೆಯುತ್ತಿದ್ದರು.

ಅವತ್ತು ಅವರು ಮೂರು ಕಡೆ ಮಣ್ಣು ಎತ್ತಿದ್ದರು. ಮೂರನೆಯ ಜಾಗವಾದ, ಕಡಲೊಳಗಿನ ಮರಳುದಿಬ್ಬದಲ್ಲಿ ಬಾಟಲಿ ತುಂಬಿ, ಜರಡಿ ತೊಳೆಯಲು ಬಗ್ಗಿದಾಗ ಅವನು ಆಯತಪ್ಪಿ ಬಿದ್ದ ಎಂದು ಕಪ್ತಾನ ಬರೆಸಿದ್ದ. ಹೌದು ಎಂದು ಪ್ರೊಫೆಸರ್ ಸಹಿ ಹಾಕಿದ್ದರು. ಕಾವಲು ದೋಣಿಗಳು ಮರಳುದಿಬ್ಬದ ಸುತ್ತ ಹುಡುಕಿ ಹುಡುಕಿ ಸೋತವು. ಇವತ್ತು ಸಂಜೆ ಐದಕ್ಕೆ ಬಂದರು ಕಚೇರಿ ಫೈಲು ಮುಚ್ಚಲಿತ್ತು: ಸ್ವಂತ ಅಜಾಗರೂಕತೆಯಿಂದ ಸಾವು. ಮನೆಯವರಲ್ಲಿ ಯಾರಾದರೊಬ್ಬರು ‘ನಮ್ಮ ತಕರಾರಿಲ್ಲ’ ಎಂದು ಸಹಿ ಮಾಡಿದರೆ ಸಾಕು, ಹುಡುಕಾಟಕ್ಕೆ ಅಲ್ಲಿಗೆ ತೆರೆ.

ಆ ಸಹಿ ಮಾಡುವುದಿಲ್ಲ ಎಂದು ಹಟ ಹಿಡಿದವಳು ಜರಡಿಯ ಹೆಂಡತಿ. ಸಮವಸ್ತ್ರ ಹೊಲಿಯುವ ದರ್ಜಿ. ಈಗ ಅವಳು ದೊಡ್ಡಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಸತ್ತ ನಕ್ಷತ್ರವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗಂಡ ಕೊನೆಯದಾಗಿ ಮುಟ್ಟಿದ ಮರಳುದಿಬ್ಬದ ಬಾಟಲಿಯಲ್ಲಿ ಸಿಕ್ಕಿದ್ದು ಇದು ಎಂದು ಅವಳಿಗೆ ಹೇಳಿದ್ದರು.

“ಬಾಟಲಿ ತುಂಬ ಮರಳು ದೊಡ್ಡಮ್ಮ,” ಎಂದಳು ಸಂಶೋಧಕಿ. “ಮರಳಲ್ಲಿರೋ ಚಿಪ್ಪು, ಮರಳಲ್ಲಿರೋ ಹುಳು. ಇದೊಂದರ ಕೈ ಸಂದೀಲಿ ಮಾತ್ರ ಬೂದು ಕೆಸರು. ಇವತ್ತು ಬೆಳಿಗ್ಗೆ ಎಣಿಸೋಕೆ ಕೂತಾಗ ಕಣ್ಣಿಗೆ ಬಿತ್ತು.”

“ಏನಿದು? ನಕ್ಷತ್ರಮೀನಾ?”

“ಅದರ ದಾಯಾದಿ ಅನ್ನಿ. ಮುಟ್ಟಿದ್ರೆ ಕೈ ಮುರ್ಕೊಳ್ಳುತ್ತೆ. ಇದರಲ್ಲಿ ಲೆಕ್ಕವಿಲ್ಲದಷ್ಟು ಜಾತಿ. ಒಂದು ಕಲ್ಲಲ್ಲಿ ಇರುತ್ತೆ, ಒಂದು ಮರಳಲ್ಲಿ, ಒಂದು ಕೆಸರಲ್ಲಿ. ಯಾವ ಜಾತಿ ಅಂತ ಗೊತ್ತಾದ್ರೆ ಎಲ್ಲಿಂದ ಬಂತು ಅಂತ ಹೇಳಬಹುದು.”

“ಹಾಗಾದ್ರೆ ತಡ ಯಾಕೆ? ವಿಳಾಸ ಹುಡುಕು.”

ಸಂಶೋಧಕಿ ಕಂಪ್ಯೂಟರಿನಲ್ಲಿ ಒಂದು ಜಾಲತಾಣ ತೆರೆದಳು. ಕಡುನೀಲಿ ಪುಟ, ಮೇಲೊಂದು ಹುಡುಕುವ ಪೆಟ್ಟಿಗೆ. ಸಮುದ್ರದ ನೆಲದ ಮೇಲೆ ತೆವಳುವ, ಅಂಟಿಕೊಳ್ಳುವ, ಕೊರೆದುಕೊಂಡು ಬದುಕುವ ಎಲ್ಲ ಜೀವಿಗಳ ದಾಖಲೆ ಅಲ್ಲಿತ್ತು. ದೇಶದೇಶದವರು ತಮ್ಮ ಕಡಲಲ್ಲಿ ಸಿಕ್ಕಿದ್ದನ್ನು ಫೋಟೋ ಸಮೇತ ಅದಕ್ಕೆ ಸೇರಿಸುತ್ತಾರಂತೆ. ಹೆಸರು ಗೊತ್ತಿದ್ದರೆ ಹೆಸರು ಹೊಡೆಯಬೇಕು. ಗೊತ್ತಿಲ್ಲದಿದ್ದರೆ ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು.

ಅದು ಕೇಳತೊಡಗಿತು. ಮೈ ಆಕಾರ? ಕೈಗಳೆಷ್ಟು? ಬಣ್ಣ? ಉದ್ದ? ಮೈಮೇಲೆ ಗುರುತುಗಳಿವೆಯೇ? ಕೊನೆಯದಾಗಿ ಕಂಡದ್ದು ಎಲ್ಲಿ?

“ನಾನೂ ಹೋದ ವಾರ ಇಂಥದೇ ಒಂದನ್ನ ತುಂಬಿಸಿಕೊಟ್ಟೆ, ಠಾಣೇಲಿ,” ಎಂದಳು ದರ್ಜಿ. “ಇವೇ ಪ್ರಶ್ನೆ. ಬಣ್ಣ ಕೇಳಿದ್ರು, ಎತ್ತರ ಕೇಳಿದ್ರು. ಗುರುತು ಏನು ಅಂದ್ರು. ಅಂಗೈ ಯಾವಾಗಲೂ ಒದ್ದೆ ಅಂತ ಬರೆಸಿದೆ. ಅದು ಗುರುತಲ್ಲ ಅಂದ್ರು.”

ಸಂಶೋಧಕಿಯ ಬೆರಳು ಕೀಲಿಗಳ ಮೇಲೆ ನಿಂತಿತು. ದೊಡ್ಡಮ್ಮ ದರ್ಜಿಯ ಮೊಣಕಾಲಿನ ಮೇಲೆ ಕೈ ಇಟ್ಟಳು, ಇನ್ನೊಂದು ಕೈಯಿಂದ ಪರದೆ ತೋರಿಸಿದಳು. “ಮುಂದೆ ಹೋಗಮ್ಮ. ಇದಾದ್ರೂ ಸಿಗಲಿ.”

ಉತ್ತರ ಕೊಟ್ಟ ಹಾಗೆಲ್ಲ ಪಟ್ಟಿ ಸೊರಗುತ್ತ ಬಂತು. ಪುಟಗಟ್ಟಲೆ ಇದ್ದದ್ದು ಒಂದು ಪುಟವಾಯಿತು, ಕೊನೆಗೆ ಒಂದು ಚಿತ್ರಕ್ಕೆ ಬಂದು ನಿಂತಿತು. ಥೇಟ್ ತಟ್ಟೆಯಲ್ಲಿದ್ದದ್ದೇ. ಅದೇ ದುಂಡು ಮೈ, ಅದೇ ದಾರದ ಕೈ. ಕೆಳಗೆ ನಾಲಿಗೆ ಹೊರಳದ ಒಂದು ಹೆಸರು.

ಸಂಶೋಧಕಿ ವಿವರ ಓದುತ್ತ ಓದುತ್ತ ಕುರ್ಚಿಗೆ ಒರಗಿದಳು. “ಛೇ. ಇದು ಎಲ್ಲಾ ಕಡೆ ಇರೋದಂತೆ. ಮರಳು, ಕೆಸರು, ಮೊಣಕಾಲುದ್ದ ನೀರು, ಆಳ, ಎಲ್ಲಿ ಬೇಕಾದ್ರೂ. ಮರಳುದಿಬ್ಬದಲ್ಲೂ ಇರಬಹುದು.” ಅವಳು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. “ಸುಮ್ಮನೆ ನಿಮ್ಮಲ್ಲಿ ಆಸೆ ಹುಟ್ಟಿಸಿದೆ ಅಕ್ಕ. ಕ್ಷಮಿಸಿ.”

ದರ್ಜಿ ಒಮ್ಮೆ ಪರದೆ ನೋಡಿದಳು, ಒಮ್ಮೆ ತಟ್ಟೆ. ಬಟ್ಟೆಯ ಎರಡು ತುಂಡು ಒಂದೇ ಥಾನಿನದೋ ಅಲ್ಲವೋ ಎಂದು ನೋಡುವ ಹಾಗೆ.

“ಅಂಚು ಬೇರೆ ಇದೆ,” ಎಂದಳು.

“ಯಾವ ಅಂಚು?”

“ಕೈಯಿನ ಅಂಚು. ಫೋಟೋದ್ದು ನುಣ್ಣಗಿದೆ. ನಮ್ಮದಕ್ಕೆ ಸಣ್ಣ ಮುಳ್ಳಿನ ಹೊಲಿಗೆ ಇದೆ. ಬೆಳಕು ಈ ಕಡೆಯಿಂದ ಬಿಡಿ, ಕಾಣುತ್ತೆ.”

“ಅದು ಕೆಸರಿರಬೇಕು.”

“ಅನುಮಾನ ಯಾಕೆ?” ಎಂದಳು ದೊಡ್ಡಮ್ಮ. “ಮಗುಚಿ ನೋಡು.”

ಸುಂಕದ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುತ್ತ ಆಯುಷ್ಯ ಕಳೆದವಳು ದೊಡ್ಡಮ್ಮ. ಪೆಟ್ಟಿಗೆಗೆ ಬಣ್ಣ ಬಳಿಯುವವರು ಮುಚ್ಚಳಕ್ಕೆ ಬಳಿಯುತ್ತಾರೆ, ತಳಕ್ಕೆ ಯಾರೂ ಬಳಿಯುವುದಿಲ್ಲ ಎನ್ನುವುದು ಅವಳು ಅಲ್ಲಿ ಕಲಿತ ಪಾಠ. ನಿವೃತ್ತಿಯ ನಂತರ ಹಿಡಿದ ಈ ಪತ್ತೇದಾರಿಕೆಯಲ್ಲೂ ಅವಳ ಬಂಡವಾಳ ಅಷ್ಟೇ.

ಸಂಶೋಧಕಿ ಚಿಮುಟದಿಂದ ನಕ್ಷತ್ರವನ್ನು ಮೆಲ್ಲಗೆ ಅಂಗಾತ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಪರದೆಯ ಮೇಲೆ ಅದರ ಹೊಟ್ಟೆ ಹರಡಿಕೊಂಡಿತು. ನಡುವೆ ಬಾಯಿ. ಬಾಯಿಯ ಸುತ್ತ ಜೋಡಿ ಜೋಡಿ ಹಲ್ಲು. ಪ್ರತಿ ಕೈಗೂ ಮೂರು ಸಾಲು ಮುಳ್ಳು.

“ಅಯ್ಯೋ,” ಎಂದಳು ಸಂಶೋಧಕಿ, ತೀರ ಮೆತ್ತಗೆ. “ಇದು ಅದಲ್ಲ.”

ಅವಳು ಮತ್ತೆ ಮೊದಲಿನಿಂದ ಹುಡುಕಿದಳು. ಈ ಸಲ ಹಲ್ಲಿನ ಜೋಡಿ ಹೇಳಿದಳು, ಮುಳ್ಳಿನ ಸಾಲು ಹೇಳಿದಳು. ಜಾಲತಾಣ ಸ್ವಲ್ಪ ಹೊತ್ತು ಉಸಿರು ಹಿಡಿದು, ಬೇರೊಂದು ಪುಟವನ್ನು ತಂದಿಟ್ಟಿತು. ಆ ಪುಟದ ಫೋಟೋ ಹೊಟ್ಟೆಯ ಕಡೆಯಿಂದಲೇ ತೆಗೆದದ್ದು. ಹಲ್ಲಿಗೆ ಹಲ್ಲು, ಮುಳ್ಳಿಗೆ ಮುಳ್ಳು ಕೂಡಿಬಂತು.

“ಓದು,” ಎಂದಳು ದೊಡ್ಡಮ್ಮ.

“ವಾಸ: ಮೆತ್ತನೆಯ ಬೂದು ಕೆಸರು. ಮರಳಲ್ಲಿ ಈವರೆಗೆ ಎಲ್ಲೂ ಸಿಕ್ಕಿಲ್ಲ. ಎಂಬತ್ತು ಮೀಟರಿಗಿಂತ ಕಡಿಮೆ ಆಳದ ನೀರಲ್ಲಿ ಎಲ್ಲೂ ಸಿಕ್ಕಿಲ್ಲ.” ಅವಳು ಪುಟವನ್ನು ಕೆಳಗೆ ಸರಿಸಿದಳು. ಭೂಪಟ ಬಂತು. ಕಡಲ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ. ಅವಳು ತಮ್ಮ ಕರಾವಳಿಯನ್ನು ದೊಡ್ಡದು ಮಾಡಿದಳು. ಒಂದೇ ಒಂದು ಚುಕ್ಕೆ, ದೀಪಸ್ತಂಭದ ಗುಡ್ಡದ ಬುಡಕ್ಕೆ ಅಂಟಿಕೊಂಡ ಹಾಗೆ.

“ಹೊಂಡ,” ಎಂದಳು ಸಂಶೋಧಕಿ. “ನಾವು ಎರಡನೇ ಸಲ ಮಣ್ಣು ಎತ್ತಿದ ಜಾಗ. ಗುಡ್ಡದ ಕೆಳಗೇ ಇದೆ, ಆದರೆ ನೂರು ಮೀಟರಿಗೂ ಆಳ. ತಳ ಪೂರಾ ಕೆಸರು.”

“ಅಲ್ಲಿನ ಪ್ರಾಣಿ ಮರಳುದಿಬ್ಬದ ಬಾಟಲಿಗೆ ಈಜಿಕೊಂಡು ಹೋಗಿ ಕೂತ್ಕೊಳ್ತಾ?”

“ಇಲ್ಲ. ಜರಡೀಲಿ ಕೂತು ಹೋಗಿದೆ.” ಸಂಶೋಧಕಿಯ ಮುಖ ಬಿಳಿಚಿತು. “ಒಂದು ಜಾಗದ ಕೆಲಸ ಮುಗಿದ ತಕ್ಷಣ ಜರಡಿ ತೊಳೀಬೇಕು ದೊಡ್ಡಮ್ಮ. ಅದೂ ಮೇಲಿಂದ ನೀರು ಹುಯ್ದರೆ ಇವು ತೂತಿಗೆ ಇನ್ನೂ ಕಚ್ಕೊಳ್ತವೆ. ಜರಡೀನ ಬೋರಲು ಹಾಕಿ ಕೆಳಗಡೆಯಿಂದ ನೀರು ಹಾಯಿಸಬೇಕು. ಇಲ್ಲದಿದ್ರೆ ಹಿಂದಿನ ಜಾಗದ ಜೀವಿ ಮುಂದಿನ ಜಾಗದ ಲೆಕ್ಕಕ್ಕೆ ಸೇರುತ್ತೆ. ಜರಡಿಯಣ್ಣ ಅದನ್ನ ಮರೆಯೋ ಮನುಷ್ಯನೇ ಅಲ್ಲ.”

“ಮನೇಲಿ ಚಹಾ ಸೋಸೋ ಜಾಲರೀನೂ ಹಾಗೇ ತೊಳೀತಿದ್ರು,” ಎಂದಳು ದರ್ಜಿ. “ಬೋರಲು ಹಾಕಿ. ಆಮೇಲೆ ಕಿಟಕಿ ಬೆಳಕಿಗೆ ಹಿಡಿದು ಒಂದೊಂದು ತೂತೂ ನೋಡ್ತಿದ್ರು. ಚಹಾ ಆರಿಹೋಗುತ್ತೆ ಅಂತ ನಾನು ಬೈತಿದ್ದೆ.” ಅವಳು ಎದ್ದು ನಿಂತಳು. “ಹೊಂಡದ ಆಮೇಲೆ ಜರಡಿ ತೊಳೆದವರು ನಮ್ಮವರಲ್ಲ. ಅಂದ್ರೆ ಹೊಂಡದ ಆಮೇಲೆ ಅವರು ದೋಣೀಲೇ ಇರಲಿಲ್ಲ.”

ದೊಡ್ಡಮ್ಮ ಹೇಳಬೇಕೆಂದಿದ್ದ ಮಾತನ್ನು ಅವಳೇ ಹೇಳಿಬಿಟ್ಟಿದ್ದಳು.

“ನೀನು ಎಲ್ಲಿದ್ದೆ ಆಗ?” ದೊಡ್ಡಮ್ಮ ಸಂಶೋಧಕಿಯನ್ನು ಕೇಳಿದಳು.

“ಕೆಳಗಡೆ ಕ್ಯಾಬಿನ್ನಲ್ಲಿ. ಹೊಂಡ ತಲುಪೋ ಹೊತ್ತಿಗೆ ವಾಂತಿ ಶುರುವಾಯ್ತು. ಮಾತ್ರೆ ನುಂಗಿ ಮಲಗಿದವಳಿಗೆ ಎಚ್ಚರ ಆಗಿದ್ದು ಬಂದರಲ್ಲಿ. ಕಣ್ಣು ಬಿಟ್ಟು ಮೇಲೆ ಬಂದ್ರೆ ಸರ್ ಆಗಲೇ ದಡದ ಮೇಲೆ ನಿಂತಿದ್ರು. ಜರಡಿ ಬಿದ್ದುಹೋದ, ಬೇಗ ಇಳಿ ಅಂದ್ರು.” ಅವಳು ಗೋಡೆಯ ಕಡೆ ನೋಡಿದಳು. “ನಾನು ಇದನ್ನ ನಿಮಗೆ ತೋರಿಸಿದೆ ಅಂತ ಸರ್‌ಗೆ ಗೊತ್ತಾದ್ರೆ ನನ್ನ ಓದಿಗೆ ಇಲ್ಲೇ ಎಳ್ಳುನೀರು.”

“ಅವರು ಒಳ್ಳೆಯವರು ಅಲ್ವಾ?” ಎಂದಳು ದರ್ಜಿ. “ಮಾರನೇ ದಿನವೇ ಮನೆಗೆ ಬಂದ್ರು. ಎರಡೂ ಅಂಗೈಗೆ ಬ್ಯಾಂಡೇಜು. ಇಷ್ಟು ನೋವಲ್ಲೂ ಬಂದ್ರಲ್ಲ ಅಂತ ನಮ್ಮತ್ತೆ ಕರಗಿಹೋದ್ರು.”

“ಬಿಸಿ ಗಾಜು ಹಿಡಿದು ಸುಟ್ಟುಕೊಂಡೆ ಅಂತ ನನಗೂ ಹೇಳಿದ್ರು,” ಎಂದಳು ಸಂಶೋಧಕಿ.

ದೊಡ್ಡಮ್ಮ ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡು ಸೆರಗಿನ ತುದಿಗೆ ಕಟ್ಟಿಟ್ಟುಕೊಂಡಳು. ಈಗ ಅವಳಿಗೆ ಬೇಕಾಗಿದ್ದವನು ಕಪ್ತಾನ.

“ಆ ಪುಟದ ಫೋಟೋ, ಈ ಹೊಟ್ಟೆಯ ಫೋಟೋ, ಎರಡನ್ನೂ ಇವಳ ಫೋನಿಗೆ ಹಾಕು. ನಕ್ಷತ್ರಾನ ಬಾಟಲಿಗೆ ವಾಪಸ್ ಹಾಕಿ, ಬಾಟಲಿ ನನಗೆ ಕೊಡು.”

“ಬಾಟಲಿ ಕೊಡೋಕೆ ಬರಲ್ಲ ದೊಡ್ಡಮ್ಮ, ಸರ್...”

“ನಿನ್ನ ಸರ್ ಕೇಳಿದ್ರೆ ಮುದುಕಿ ಕದ್ದುಕೊಂಡು ಹೋದಳು ಅನ್ನು. ಸುಂಕದವರು ವಸ್ತು ಎತ್ತಿಕೊಂಡು ಹೋಗೋದು ಹೊಸದೇನಲ್ಲ.”

*

ಕಪ್ತಾನನ ದೋಣಿ ಬಂದರಿನ ಕೊನೆಯ ಕಟ್ಟೆಗೆ ಕಟ್ಟಿತ್ತು. ಅಕ್ಕಪಕ್ಕದ ದೋಣಿಗಳ ನಡುವೆ ಅದೊಂದೇ ಅಗಸನ ಮನೆಯಿಂದ ಈಗ ತಾನೆ ಬಂದ ಹಾಗಿತ್ತು. ಹಲಗೆಯ ಮೇಲೆ ಮುಖ ಕಾಣುವಷ್ಟು ಹೊಳಪು. ಹಗ್ಗಗಳೆಲ್ಲ ಸುರುಳಿ ಸುತ್ತಿ ಕೂತಿದ್ದವು. ಕಪ್ತಾನ ಮಂಡಿಯೂರಿ ಹಿತ್ತಾಳೆಯ ಒಂದು ತಿರುಪಿಗೆ ಪುಡಿ ಹಾಕಿ ಉಜ್ಜುತ್ತಿದ್ದ.

“ಚಪ್ಪಲಿ,” ಎಂದ, ತಲೆ ಎತ್ತದೆ.

“ಹೊಸದಪ್ಪ. ಹಳೇದನ್ನ ನಿಮ್ಮ ಬಂದರು ತಿಂದಾಯ್ತು.” ದೊಡ್ಡಮ್ಮ ಚಪ್ಪಲಿಯನ್ನು ಕಟ್ಟೆಯ ಮೇಲೆ ಬಿಟ್ಟು ಹತ್ತಿದಳು. ಹಿಂದೆ ದರ್ಜಿ ಹತ್ತಿದಳು. ಅವಳನ್ನು ಕಂಡದ್ದೇ ಕಪ್ತಾನನ ಕೈ ನಿಂತಿತು.

“ಹೇಳೋದೆಲ್ಲ ಹೇಳಿದ್ದೀನಿ ತಂಗಿ. ಐದಕ್ಕೆ ಸಾಹೇಬರು ಮುಗಿಸ್ತಾರೆ. ಎಲ್ಲರಿಗೂ ನೆಮ್ಮದಿ ಆಗಲಿ ಬಿಡು.”

“ನೆಮ್ಮದಿ ನಾಳೆ ಮಾಡೋಣ,” ಎಂದಳು ದೊಡ್ಡಮ್ಮ. ಅವಳು ದೋಣಿಯ ಹಿಂಬದಿಗೆ ನಡೆದಳು. ಅಲ್ಲಿ ಎರಡು ಕಬ್ಬಿಣದ ತೋಳುಗಳು ಖಾಲಿ ಗಾಳಿಯನ್ನು ಎತ್ತಿ ಹಿಡಿದಿದ್ದವು. ಅವುಗಳಲ್ಲಿ ಸಣ್ಣ ಹುಟ್ಟುದೋಣಿಯೊಂದು ತೂಗಬೇಕಿತ್ತು. “ಮರಿ ಎಲ್ಲಿ?”

“ರಿಪೇರಿಗೆ ಹೋಗಿದೆ.”

“ಯಾರ ಹತ್ತಿರ?”

“ಇದಾರೆ ಒಬ್ಬರು.”

“ಇರಲಿ.” ಅವಳು ಹಿಂತಿರುಗಿ ಬಂದು ಹಗ್ಗದ ಸುರುಳಿಯ ಮೇಲೆ ಕೂತಳು. ಕಪ್ತಾನನ ಮುಖ ಸಿಂಡರಿಸಿತು. ಅವನ ಸುರುಳಿ ಕೆಟ್ಟಿತ್ತು. ದೊಡ್ಡಮ್ಮ ಬಾಟಲಿಯನ್ನು ತೆಗೆದು ಹೊಳೆಯುವ ಹಲಗೆಯ ಮೇಲಿಟ್ಟಳು, ಫೋನಿನ ಚಿತ್ರ ತೋರಿಸಿದಳು. ನಕ್ಷತ್ರ ಎಲ್ಲಿ ವಾಸಿಸುತ್ತದೆ, ಎಲ್ಲಿ ವಾಸಿಸುವುದಿಲ್ಲ ಎನ್ನುವುದನ್ನು ಬಿಡಿಸಿ ಹೇಳಿದಳು.

ಕಪ್ತಾನ ಪೂರ್ತಿ ಕೇಳಿದ. ಆಮೇಲೆ ನಕ್ಕ. “ಈ ಹುಳ ನೋಡಿ ನನ್ನ ಸುಳ್ಳುಗಾರ ಮಾಡ್ತಿದ್ದೀರಾ? ಕಂಪ್ಯೂಟರ್‌ಗೆ ಏನು ಗೊತ್ತು? ಕಡಲಲ್ಲಿ ಎಲ್ಲ ಎಲ್ಲಾ ಕಡೆ ಓಡಾಡ್ತವೆ.”

“ಅದೂ ನಿಜವೇ. ನನಗೇನು ಗೊತ್ತು.” ದೊಡ್ಡಮ್ಮ ತಲೆಯಾಡಿಸಿದಳು. “ನಾನು ಬಂದದ್ದು ಬೇರೆ ಕಾರಣಕ್ಕೆ. ನಿಮ್ಮ ದೋಣಿ ಇಷ್ಟು ಚೊಕ್ಕಟ ಇದೆ, ಅದರ ಮೇಲೆ ಅಷ್ಟು ಗಲೀಜು ಕೆಲಸ ಹೇಗಾಯ್ತು ಅಂತ.”

“ಗಲೀಜು?”

“ಪ್ರಯೋಗಾಲಯದಲ್ಲಿ ಎಲ್ಲ ಅದನ್ನೇ ಮಾತಾಡಿಕೊಳ್ತಿದ್ದಾರೆ. ಮೂರನೇ ಜಾಗದ ಬಾಟಲಿ ತಿಪ್ಪೆ ಆಗಿದೆಯಂತೆ. ಜರಡಿ ಹಿಡಿದವನು ಶುದ್ಧ ಕೊಳಕನಂತೆ. ಹಿಂದಿನ ಕೆಸರಿನ ಮೇಲೇ ಮರಳು ಸುರಿದಿದ್ದಾನೆ, ಒಂದು ತಂಬಿಗೆ ನೀರು ತೋರಿಸಿಲ್ಲ ಅಂತಾರೆ. ಈ ದೋಣಿ ಮೇಲೆ ಅಂಥವನು ಇದ್ದನಾ ಅಂತ ನನಗೇ ಬೇಜಾರಾಯ್ತು.”

“ತಂಬಿಗೆ ನೀರು ತೋರಿಸಿಲ್ಲ ಅಂದವನು ಯಾವನು?” ಕಪ್ತಾನ ಎದ್ದು ನಿಂತ. ಕುತ್ತಿಗೆ ಕೆಂಪೇರಿತ್ತು. “ಎರಡು ಬಕೆಟ್ ಹುಯ್ದಿದ್ದೀನಿ. ಬ್ರಷ್ ಹಾಕಿ ಉಜ್ಜಿದ್ದೀನಿ. ನನ್ನ ದೋಣಿ ಮೇಲೆ ಕೆಸರಿನ ಪಾತ್ರೆ ಇಟ್ಟುಕೊಂಡು ಒಂದು ಗಳಿಗೆ...”

ಅವನು ನಿಲ್ಲಿಸಿದ.

ನೀರು ದೋಣಿಯ ಪಕ್ಕೆಗೆ ಬಡಿದು ಹಿಂದೆ ಹೋಯಿತು, ಮತ್ತೆ ಬಡಿಯಿತು. ಪೆಟ್ಟಿಗೆ ತಾನಾಗಿ ತೆರೆದುಕೊಂಡಾಗ ಕೈ ಹಾಕಬಾರದು ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು.

“ಮೇಲಿಂದ ಹುಯ್ದ್ರಾ?” ಎಂದಳು ದರ್ಜಿ. ದನಿಯಲ್ಲಿ ಕೋಪವೇ ಇರಲಿಲ್ಲ.

“ಮೇಲಿಂದ ಹುಯ್ಯದೆ ಮತ್ತೆ?”

“ಬೋರಲು ಹಾಕಬೇಕಿತ್ತು ಅಣ್ಣ. ನಮ್ಮವರು ಬೋರಲು ಹಾಕ್ತಿದ್ರು.”

ಕಪ್ತಾನ ಕೆಳಗೆ ಕೂತ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ, ಬಿಚ್ಚಿದ, ಮತ್ತೆ ಮಡಿಸಿದ.

“ಅವನು ಮರಳುದಿಬ್ಬಕ್ಕೆ ಬರಲೇ ಇಲ್ಲ,” ಎಂದ.

“ಹೊಂಡದಲ್ಲಿ ಬಿದ್ದನಾ?” ದೊಡ್ಡಮ್ಮ ಕೇಳಿದಳು.

“ಬೀಳಲಿಲ್ಲ. ಇಳಿದ. ಹೊಂಡದ ಮಣ್ಣು ಸೋಸುವಾಗ ಜರಡೀಲಿ ಅವನಿಗೆ ಏನೋ ಸಿಕ್ತು. ಜೀವಿ ಅಲ್ಲ, ಬೇರೆ ಏನೋ. ನನಗೆ ಕಾಣಲಿಲ್ಲ, ನಾನು ಚುಕ್ಕಾಣಿ ಹತ್ತಿರ ಇದ್ದೆ. ಅವನು ಪ್ರೊಫೆಸರಿಗೆ ತೋರಿಸಿದ. ಅವರು ಅದನ್ನ ಒರೆಸಿ ಜೇಬಿಗೆ ಹಾಕ್ಕೊಂಡ್ರು. ಮರಿದೋಣಿ ಇಳಿಸು ಅಂದ್ರು. ಗುಡ್ಡದ ಬುಡದಲ್ಲಿ ಒಂದು ಜಾಗ ನೋಡಬೇಕು, ಜರಡಿ ಜೊತೆಗೆ ಬರಲಿ, ನೀನು ಮೂರನೇದನ್ನ ಮುಗಿಸಿಕೊಂಡು ಬಾ, ಬಂದರಲ್ಲಿ ಸಿಗ್ತೀವಿ ಅಂದ್ರು. ಅವನು ಜರಡಿ ತೊಳೆದು ಬರ್ತೀನಿ ಅಂದ. ಹೊತ್ತಾಗುತ್ತೆ ಬಾ ಅಂತ ಎಳ್ಕೊಂಡು ಹೋದ್ರು.”

“ಆಮೇಲೆ?”

“ಆಮೇಲೇನು. ಬಂದರಿಗೆ ಬಂದೆ. ದಡದ ಮೇಲೆ ಪ್ರೊಫೆಸರ್ ಒಬ್ಬರೇ ನಿಂತಿದ್ರು. ಮರಿ ಮಗುಚಿತು, ಜರಡಿ ಮುಳುಗಿದ, ನಾನು ಹೇಗೋ ಬಂದೆ ಅಂದ್ರು.”

ದರ್ಜಿ ದೋಣಿಯ ಕಂಬಿಯನ್ನು ಹಿಡಿದುಕೊಂಡಳು. ಆದರೆ ಅವಳು ಅಳಲಿಲ್ಲ.

“ಅದನ್ನೇ ಬರೆಸಬಹುದಿತ್ತಲ್ಲ,” ಎಂದಳು ದೊಡ್ಡಮ್ಮ. “ಮರಿ ಮಗುಚಿದ್ದು ನಿಮ್ಮ ತಪ್ಪಲ್ಲ.”

“ಜಾಕೆಟ್ ಇರಲಿಲ್ಲ,” ಎಂದ ಕಪ್ತಾನ. “ತೇಲೋ ಜಾಕೆಟ್‌ಗಳು. ಕೊಳೆಯಾಗಿದ್ವು. ಹಿಂದಿನ ದಿನ ತೊಳೆದು ಕಟ್ಟೆ ಮೇಲೆ ಒಣಗೋಕೆ ಹಾಕಿದ್ದೆ. ಹತ್ತಿಸಿಕೊಳ್ಳೋದೇ ಮರೆತೆ. ಜಾಕೆಟ್ ಇಲ್ಲದೆ ಮರಿ ಇಳಿಸಿದ್ದು ಗೊತ್ತಾದ್ರೆ ನನ್ನ ಲೈಸೆನ್ಸು ಹೋಗುತ್ತೆ.” ಅವನು ದರ್ಜಿಯ ಕಡೆ ನೋಡಿದ, ನೋಡಲಾಗದೆ ಹಲಗೆಯ ಕಡೆ ನೋಡಿದ. “ಪ್ರೊಫೆಸರೇ ದಾರಿ ತೋರಿಸಿದ್ರು. ಮರಳುದಿಬ್ಬದಲ್ಲಿ, ದೊಡ್ಡ ದೋಣಿಯಿಂದ ಬಿದ್ದ ಅನ್ನೋಣ. ಸೇಫ್ಟಿ ಬೆಲ್ಟ್ ಹಾಕಿರಲಿಲ್ಲ ಅನ್ನೋಣ. ಹೋದವನು ಹೋದ, ನೀನಾದ್ರೂ ಉಳಿ ಅಂದ್ರು. ಅವರ ಉಪಕಾರ ಅಂತ ಅಂದುಕೊಂಡೆ.”

“ಒಂದು ಕೇಳ್ತೀನಿ,” ಎಂದಳು ದೊಡ್ಡಮ್ಮ. “ಜಾಕೆಟ್ ಮುಚ್ಚಿಡಬೇಕು ಅಂದ್ರೆ ದೊಡ್ಡ ದೋಣಿಯಿಂದ ಬಿದ್ದ ಅಂದ್ರೆ ಸಾಕಾಗಿತ್ತು. ಹೊಂಡದಲ್ಲೇ ಬಿದ್ದ ಅನ್ನಬಹುದಿತ್ತು. ಜಾಗ ಯಾಕೆ ಬದಲಾಯಿಸಬೇಕು? ಹುಡುಕೋರನ್ನ ಗುಡ್ಡದ ಬುಡದಿಂದ ಅಷ್ಟು ದೂರ ಯಾಕೆ ಕಳಿಸಬೇಕು?”

ಒಂದು ವಾರದಲ್ಲಿ ಆ ಪ್ರಶ್ನೆ ಕಪ್ತಾನನಿಗೆ ಹೊಳೆದೇ ಇರಲಿಲ್ಲ ಎನ್ನುವುದು ಅವನ ಮುಖದಲ್ಲಿ ಬರೆದಿತ್ತು.

“ಮರಿ ಮಗುಚಿತು ಅಂದ್ರಲ್ಲ,” ಅವಳು ಬಿಡಲಿಲ್ಲ. “ದಡದಲ್ಲಿ ನಿಂತಾಗ ಅವರ ಬಟ್ಟೆ ಒದ್ದೆ ಇತ್ತಾ?”

ಅವನು ಕಟ್ಟೆಯ ಕಡೆ ತಿರುಗಿ ನೋಡಿದ.

“ಇಲ್ಲ,” ಎಂದ. “ಬೂಟಿಗೆ ಪಾಲಿಶ್ ಹಾಗೇ ಇತ್ತು.”

ದೊಡ್ಡಮ್ಮ ಎದ್ದಳು. ಮೊಣಕಾಲು ಕಟಕ್ ಎಂದಿತು. “ಬೂಟು ಹಾಕ್ಕೊಳ್ಳಿ ಕಪ್ತಾನರೇ. ಈಗ ನನಗೆ ಹೇಳಿದ್ದನ್ನ ಅಕ್ಷರ ಬಿಡದೆ ಬಂದರು ಸಾಹೇಬರಿಗೆ ಹೇಳಬೇಕು. ಐದಕ್ಕೆ ಇನ್ನೂ ಹೊತ್ತಿದೆ. ಲೈಸೆನ್ಸು ಹೋಗುತ್ತೆ, ಸುಳ್ಳು ಹೇಳಲ್ಲ ನಾನು. ಆದರೆ ಇವಳ ಕಣ್ಣು ತಪ್ಪಿಸಿ ಓಡಾಡೋದು ತಪ್ಪುತ್ತೆ.”

ಕಪ್ತಾನ ಬಟ್ಟೆಯನ್ನು ಕೊನೆಯ ಸಲ ಮಡಿಸಿ, ಹಿತ್ತಾಳೆಯ ತಿರುಪಿನ ಪಕ್ಕದಲ್ಲಿಟ್ಟ. ಎದ್ದು ಒಳಗಿನಿಂದ ಬೂಟು ತಂದ.

ದರ್ಜಿ ಆಗಲೇ ಮನೆಗೆ ಫೋನು ಹಚ್ಚಿದ್ದಳು. ಗಂಡನ ತಾಯಿಗೆ ಮೊದಲು ತಿಳಿಸಬೇಕು ಎಂದು. ಮಾತು ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು.

“ಅತ್ತೆ, ಒಂದು ವಿಷಯ. ಯಾರು ಏನೇ ತಂದ್ರೂ ಸಹಿ ಹಾಕಬೇಡಿ.”

“ಆಗಲೇ ಹಾಕಿ ಆಯ್ತಲ್ಲೇ,” ಎಂದಿತು ವಯಸ್ಸಾದ ದನಿ. “ಪ್ರೊಫೆಸರು ಊಟ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದ್ರು. ನೀನು ಸಂಕಟದಲ್ಲಿದ್ದೀಯ, ನಿನಗೆ ತೊಂದರೆ ಕೊಡೋದು ಬೇಡ ಅಂದ್ರು. ಎಷ್ಟು ಹಟ ಮಾಡಿದ್ರೂ ಹೋದ ಮಗ ಬರ್ತಾನೇನೇ?”

ದರ್ಜಿ ಕಣ್ಣು ಮುಚ್ಚಿದಳು. ದೊಡ್ಡಮ್ಮ ಫೋನಿನ ಹತ್ತಿರ ಬಗ್ಗಿದಳು. “ಅಕ್ಕ, ಅವರು ಹೋದ್ರಾ?”

“ಯಾರು, ದೊಡ್ಡಮ್ಮನಾ? ಹೊರಗಡೆ ಕಾರು ತಿರುಗಿಸ್ತಿದ್ದಾರೆ. ಪಾಪ, ಕೈ ನೋಡೋಕಾಗಲ್ಲ. ಬ್ಯಾಂಡೇಜು ಸಡಿಲ ಆಗಿತ್ತು, ನಾನೇ ಬಿಚ್ಚಿ ಮುಲಾಮು ಹಚ್ಚಿದೆ. ಸುಟ್ಟಿದ್ದು ಅಂತಾರೆ. ನನಗೆ ಗೊತ್ತಾಗಲ್ವಾ? ಸುಟ್ಟಿದ್ದೆಲ್ಲಿ, ಹುಟ್ಟು ಹಾಕಿ ಎದ್ದ ಬೊಬ್ಬೆ ಅದು. ಅಭ್ಯಾಸ ಇಲ್ಲದವರು ದೂರ ಹುಟ್ಟು ಹಾಕಿದ್ರೆ ಹಾಗೇ ಆಗೋದು. ಇವಳ ಮಾವ ಮೊದಮೊದಲು ದೋಣಿ ಹಿಡಿದಾಗ ಅವರ ಕೈಗೆ ನಾನೇ ತಾನೆ ಎಣ್ಣೆ ಹಚ್ತಿದ್ದೆ.”

ಕಪ್ತಾನ ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಮಗುಚಿದ ದೋಣಿಗೆ ಯಾರೂ ಹುಟ್ಟು ಹಾಕುವುದಿಲ್ಲ.

“ಅಕ್ಕ,” ಎಂದಳು ದೊಡ್ಡಮ್ಮ. “ಅದನ್ನ ಅವರಿಗೆ ಹೇಳಲಿಲ್ಲ ತಾನೆ?”

“ಹೇಳಿದೆನಲ್ಲ. ನನ್ನ ಹತ್ತಿರ ಯಾಕಪ್ಪ ಸುಳ್ಳು, ಇದು ಹುಟ್ಟಿನ ಬೊಬ್ಬೆ ಅಂದೆ. ನಕ್ಕರು. ಅಮ್ಮಾ, ನೀವೂ ಕಾರಲ್ಲಿ ಬನ್ನಿ, ಕಚೇರಿಗೆ ಜೊತೇಲೇ ಹೋಗಿ ಕೊಟ್ಟು ಬರೋಣ, ದಾರೀಲಿ ದೀಪಸ್ತಂಭದ ಗುಡ್ಡದ ಮೇಲೆ ಒಂದು ಗಳಿಗೆ ನಿಂತು ಮಗನ್ನ ನೆನೆಸಿಕೊಳ್ಳೋಣ ಅಂದ್ರು. ಒಳ್ಳೆ ಮನುಷ್ಯ. ತಗೋ, ಹಾರನ್ ಹೊಡೀತಿದ್ದಾರೆ. ಇಡ್ತೀನಿ ಕಣಮ್ಮ.”

“ಅತ್ತೆ, ಹತ್ತಬೇಡಿ. ಅತ್ತೆ.”

ಫೋನು ಸುಮ್ಮನಾಗಿತ್ತು. ದರ್ಜಿ ಮತ್ತೆ ಹಚ್ಚಿದಳು. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ವಯಸ್ಸಾದವರು ಮನೆ ಬಿಡುವಾಗ ಫೋನನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ.

ದೊಡ್ಡಮ್ಮ ಚಪ್ಪಲಿ ಮೆಟ್ಟಲೂ ನಿಲ್ಲದೆ ಬರಿಗಾಲಲ್ಲಿ ಕಟ್ಟೆಗೆ ಇಳಿದಳು. ಅವತ್ತು ಮಧ್ಯಾಹ್ನ ಅವಳಿಗೆ ಸಿಕ್ಕಿದ್ದು ಜರಡಿ ಇಳಿದ ಜಾಗ, ಮತ್ತು ಅವನ ಜೊತೆ ಇಳಿದವರ ಗುರುತು. ಕೈ ತಪ್ಪಿದ್ದು ಒಂದು ಸಹಿ, ಮತ್ತು ಪ್ರೊಫೆಸರರ ಕೈಗಳ ಕಟ್ಟು ಬಿಚ್ಚಿ ನೋಡಿದ ಒಬ್ಬಳೇ ಸಾಕ್ಷಿ.